ಬಿಚ್ಚದೆ ಉಳಿದ ನೂಲು

ಬಾಲಗಾಂವದ ಗೌಸ ಪಿಂಜಾರರು ಗಾದಿ ಹೊಲಿದು ಮುಗಿಸಿದ ಮೇಲೆ, ಬಟ್ಟೆ ಸರಿಯದಿರಲೆಂದು ಮೊದಲು ಹಾಕಿದ್ದ ಕಚ್ಚಾ ಹೊಲಿಗೆಯ ನೂಲನ್ನು ಒಂದೇ ಸೆಳೆತಕ್ಕೆ ಹೊರಗೆಳೆದು, ಬೆಳಕಿಗೆ ಹಿಡಿದು ನೋಡಿ, ತಮ್ಮ ನೀಲಿ ಕೋಟಿನ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಎಸೆದದ್ದನ್ನು ನಾನು ಕಂಡಿಲ್ಲ. ವಿಮಾನಪಡೆಯ ಆ ಕೋಟು ಏಪ್ರಿಲ್ ಬಿಸಿಲಿನಲ್ಲೂ ಮೈಮೇಲಿರುತ್ತಿತ್ತು. ನಡೆಯುವಾಗ ಹದಿನೈದು ಹೆಜ್ಜೆಗೊಮ್ಮೆ ಅರೆಕ್ಷಣ ತಡೆಯುತ್ತಿದ್ದರು. ಪ್ಯಾರಾಶೂಟ್ ಮಡಿಸುವ ಮೇಜಿನ ಉದ್ದ ಹದಿನೈದು ಹೆಜ್ಜೆ ಎಂದು ನನಗೆ ತಿಳಿದದ್ದು ಆಮೇಲೆ.

"ಇವರ ಕಿಸೆ ಝಾಡಿಸಿದ್ರ ಒಂದು ಕೌದಿ ಹೊಲೀಬಹುದ್ರಿ ಮಾಸ್ತರ," ಎಂದು ಅವರ ಹೆಂಡತಿ ಕರೀಮಾ ನಗೆಯಾಡುತ್ತಿದ್ದರು. ಗೌಸ ಕಾಕಾ ನಗುತ್ತಿರಲಿಲ್ಲ.

ನಾನಾಗ ಜತ್ತಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ೧೯೫೭ರಲ್ಲಿ ಶಾಲೆಯ ಸಂಚಿಕೆಗಾಗಿ, ಅವರು ಪ್ಯಾರಾಶೂಟ್ ಮಡಿಸುತ್ತಿದ್ದ ವಿಮಾನಪಡೆಯ ಪಥಕದ, ಅಂದರೆ ಸ್ಕ್ವಾಡ್ರನ್ನಿನ, ಇತಿಹಾಸ ಬರೆಯಲು ನಾಲ್ಕು ಭಾನುವಾರ ಬಾಲಗಾಂವಕ್ಕೆ ಹೋಗಿ, ಇಸವಿವಾರು ಬರೆದುಕೊಂಡೆ. ಯುದ್ಧಕಾಲದಲ್ಲಿ ಬರ್ಮಾ ಗಡಿಯಲ್ಲಿ ಕಾದಾಡಲು ಕಟ್ಟಿದ ಪಥಕ. ಯುದ್ಧ ಮುಗಿದ ಮೇಲೆ ಸಾಗಣೆಯ ವಿಮಾನ ಪಡೆದು, ನಲವತ್ತೇಳರಲ್ಲಿ ನಿರಾಶ್ರಿತರನ್ನು ಹೊತ್ತಿತು. ನಲವತ್ತೆಂಟರಿಂದ ಹಿಮದ ಕಣಿವೆಗಳ ಸೈನಿಕರಿಗೆ ಅಕ್ಕಿ, ಉಪ್ಪು, ಔಷಧಿಯ ಮೂಟೆಗಳನ್ನು ಮೇಲಿನಿಂದ ಇಳಿಸಿತು. ಐವತ್ತರಲ್ಲಿ ಮತ್ತೆ ಕಾದಾಟದ ವಿಮಾನಗಳಿಗೆ ಮರಳಿತು.

"ಹೆಸರು ಒಂದ, ವೇಷ ನಾಕು. ನಮ್ಮ ಪಥಕ ಬಹುರೂಪಿ ಇತ್ರಿ," ಎಂದಿದ್ದರು ಕಾಕಾ.

ಕೊನೆಯ ಭಾನುವಾರ ಬರೆದದ್ದನ್ನು ಓದಿ ತೋರಿಸುತ್ತಿದ್ದೆ. ೧೯೫೦ರ ನವೆಂಬರಿನಲ್ಲಿ ಇಂಜಿನ್ ಕೆಟ್ಟ ವಿಮಾನದಿಂದ ಜಿಗಿದ ಇಪ್ಪತ್ತಮೂರು ವರ್ಷದ ಪೈಲಟ್ ಒಬ್ಬ, ಗಾಬರಿಯಲ್ಲಿ ಪ್ಯಾರಾಶೂಟಿನ ಹಗ್ಗವನ್ನು ತಡವಾಗಿ ಎಳೆದು ಸತ್ತ ಎಂಬ ಸಾಲಿಗೆ ಬಂದೆ.

"ಆ ಸಾಲು ಹೊಡದು ಹಾಕ್ರಿ."

"ಹೋದ ಐತವಾರ ನೀವೇ ಹೇಳಿದ್ರಲ್ಲ ಕಾಕಾ?"

"ಹೇಳಿದ್ದೆ. ಏಳು ವರ್ಷ ಹಂಗ ಹೇಳಕೋತ ಬಂದೀನಿ."

ಆಮೇಲೆ ಅವರು ಹೇಳಿದ್ದು ಇಷ್ಟು. ಮಡಿಸುವಾಗ ರೇಷ್ಮೆ ಜಾರದಂತೆ ಒಂದು ನೂಲು ಕಟ್ಟುತ್ತಾರೆ. ಮೂಟೆಯ ಪ್ಯಾರಾಶೂಟಿನಲ್ಲಿ ಅದನ್ನು ಹಾಗೆಯೇ ಬಿಡುತ್ತಾರೆ. ವಿಮಾನಕ್ಕೆ ಬಿಗಿದ ಹಗ್ಗವೂ ಎರಡು ಮಣದ ಭಾರವೂ ಜಗ್ಗಿದಾಗ ಅದು ತಾನೇ ಹರಿಯುತ್ತದೆ. ಮನುಷ್ಯನ ಪ್ಯಾರಾಶೂಟನ್ನು ಹೊರಗೆಳೆಯುವುದು ಎರಡು ಮೊಳವೂ ಅಗಲವಿಲ್ಲದ ಪುಟ್ಟ ಛತ್ರಿ ಮಾತ್ರ. ಅದರ ಸೆಳೆತಕ್ಕೆ ನೂಲು ಹರಿಯದು, ಮಡಿಸಿದವನೇ ಬಿಚ್ಚಿ ತೆಗೆಯಬೇಕು. ಎರಡು ವರ್ಷ ದಿನಕ್ಕೆ ನಲವತ್ತರಂತೆ ಮೂಟೆಯ ಪ್ಯಾರಾಶೂಟುಗಳನ್ನೇ ಮಡಿಸಿದ್ದ ಕೈ, ಪಥಕ ಬದಲಾದ ಮೂರನೆಯ ವಾರ, ಮನುಷ್ಯನದರಲ್ಲೂ ನೂಲನ್ನು ಹಾಗೆಯೇ ಬಿಟ್ಟಿತು.

"ಪಥಕ ಬದಲಾತು, ಕೈ ಬದಲಾಗಲಿಲ್ರಿ."

ತೆರೆಯದ ಪ್ಯಾರಾಶೂಟ್ ತಪಾಸಣೆಗೆಂದು ಅವರ ಮೇಜಿಗೇ ಮರಳಿತು. ಅಧಿಕಾರಿಗಳು ಬರುವ ಮೊದಲು ಅವರು ನೂಲನ್ನು ಕಂಡರು, ಎಳೆದರು, ಕಿಸೆಗೆ ಹಾಕಿಕೊಂಡರು. ಬೇರೆ ಕಾರಣ ಸಿಗದೆ ತಪ್ಪು ಸತ್ತವನ ಹೆಸರಿಗೆ ಬಿತ್ತು.

ಎದುರಿಗೆ ಕೂತಿದ್ದವರು ನಾನು ದಿನವೂ ಮಲಗುವ ಗಾದಿಯನ್ನು ಹೊಲಿದವರು. ಅಷ್ಟು ದಿನ ಶಿಸ್ತು ಎಂದು ಮೆಚ್ಚಿಕೊಂಡು ಟಿಪ್ಪಣಿ ಮಾಡಿದ್ದ ಪ್ರತಿಯೊಂದೂ ನನ್ನ ಕಣ್ಣೆದುರೇ ಬೇರೆ ಅರ್ಥಕ್ಕೆ ತಿರುಗಿತು. ಅರಳೆ ಬಿಡಿಸುತ್ತಿದ್ದ ಕರೀಮಾ ಅವರ ಕೈ ನಿಂತಿತ್ತು. ಅವರಿಗೂ ಇದು ಹೊಸದು.

"ಅವನ ಅಪ್ಪ ಟ್ರಂಕ್ ಒಯ್ಯಾಕ ಬಂದಿದ್ರು," ಎಂದರು ಕಾಕಾ. "ನನ್ನ ಮಗ ಅಂಜಿದ್ನೇನಪಾ ಅಂತ ನನ್ನ ಕೇಳಿದ್ರು. ನೂಲು ಕಿಸೇದಾಗ ಇತ್ತು. ಸುಮ್ಮ ನಿಂತೆ."

"ಸುಮ್ಮ ನಿಂತ್ರಿ?" ಎಂದರು ಕರೀಮಾ.

"ನಿಂತೆ."

"ಆ ಕಿಸೆ ನೋಡಿ ನಾ ನಗತಿದ್ದೆ."

ಕಾಕಾ ಒಳಕಿಸೆಯಿಂದ ಬೆಂಕಿಪೆಟ್ಟಿಗೆಯೊಂದನ್ನು ತೆಗೆದರು. ಅದರಲ್ಲಿ ಗೇಣುದ್ದದ ಬಿಳಿ ನೂಲು. "ಸಂಚಿಕಿ ಬಿಡ್ರಿ. ಆ ಅಪ್ಪಗ ಪತ್ರ ಬರೀರಿ, ಮಗ ವ್ಯಾಳ್ಯಾಕ್ಕ ಎಳದಿದ್ದ ಅಂತ. ಪುಟ್ಟ ಛತ್ರಿ ಗಾಳಿಗೆ ಚಿಂದಿ ಆಗೂತನಕ ಅಂವ ಬಿದ್ದಾನ; ಸಾಹೇಬ್ರು ಆ ಚಿಂದೀನ ನೆಲಕ್ಕ ಬಿದ್ದ ಪೆಟ್ಟು ಅಂದ್ರು."

"ಜೇಲಿಗೆ ಹಾಕಬಹುದು, ಕಾಕಾ."

ಅವರು ಬೆಂಕಿಪೆಟ್ಟಿಗೆಯನ್ನು ನನ್ನತ್ತ ಸರಿಸಿದರು. ಕರೀಮಾ ಎದ್ದು ಹೋಗಿ, ಮಸಿಯ ದೌತಿ ತಂದು ನನ್ನ ಮುಂದಿಟ್ಟರು.

ಮೊದಲ ಪ್ರತಿಯಲ್ಲಿ 'ಬಹುಶಃ' ಎಂದು ಬರೆದಿದ್ದೆ, ಕಾಕಾ ಅದನ್ನು ಹೊಡೆಸಿದರು. ಎರಡನೆಯದರಲ್ಲಿ 'ಕಣ್ತಪ್ಪಿನಿಂದ' ಎಂದಿದ್ದೆ, ಅದನ್ನೂ ಹೊಡೆಸಿದರು. ಮೂರನೆಯದಕ್ಕೆ ತಮ್ಮ ಪೂರ್ಣ ಹೆಸರು ಬರೆದು ಸಹಿ ಹಾಕಿ, ಮಡಿಕೆಯೊಳಗೆ ನೂಲನ್ನಿಟ್ಟರು.

ಲಕೋಟೆಯನ್ನು ಜತ್ತಿನ ಟಪಾಲು ಪೆಟ್ಟಿಗೆಗೆ ನಾನೇ ಹಾಕಿದೆ. ಕೆಲವರ ಕೆಲಸ ಸರಿಯಾದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬದುಕಿ ಇಳಿದವನು ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಾನೆ. ಪಥಕ ವೇಷ ಬದಲಿಸಿದ ದಿನವನ್ನು ಇತಿಹಾಸ ತಪ್ಪದೆ ಬರೆದಿಡುತ್ತದೆ. ಆ ಬದಲಾವಣೆ ಒಬ್ಬನ ಬೆರಳಿನ ತನಕ ಇಳಿಯಲು ಎಷ್ಟು ವಾರ ಬೇಕೆಂದು ಯಾರೂ ಕೇಳುವುದಿಲ್ಲ. ಅದು ಗೊತ್ತಿರುವುದು ಇಂಥವರಿಗೆ ಮಾತ್ರ. ಅವರು ಉಳಿದ ಆಯುಷ್ಯವೆಲ್ಲ ಪ್ರತಿ ನೂಲನ್ನೂ ಎಳೆದು, ಬೆಳಕಿಗೆ ಹಿಡಿದು ನೋಡುತ್ತಾರೆ.