ಎಡಬದಿಯಲ್ಲಿ ನಿಂತವನು

ಸೋಫಾವನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆಯಬೇಕು ಎಂದ ಮ್ಯಾಕ್ಸಿಮ್. ಯಾರೂ ಕದಲಲಿಲ್ಲ. ಅವನೇ ಎಳೆದ.

"ನಾನು ಹಿಡೀಬೇಕಿತ್ತಾ?" ಸೋಫಾ ಸರಿದ ಮೇಲೆ ಸಿಡ್ನಿ ಕೇಳಿದ.

"ಬೇಡ, ಆಯ್ತು."

"ನಿನಗೆ ಈಗ ಅಭ್ಯಾಸ ಅಲ್ವಾ."

ಕಳೆದ ಕ್ರಿಸ್‌ಮಸ್‌ಗೆ ಇದೇ ಸೋಫಾದಲ್ಲಿ ಕಾಲು ಚಾಚಿ ಕೂತು, ಸಿಡ್ನಿಯ ಹೆಂಡತಿ ಕ್ಯಾರೆನ್ ತಂದಿಟ್ಟ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆಯಿಂದ ಮ್ಯಾಕ್ಸಿಮ್ ನೆವ್ರಿ ಆರಿಸಿ ಆರಿಸಿ ತಿಂದಿದ್ದ. ಆಗಲೂ ಅವನ ಕೊರಳಲ್ಲಿ ಇದೇ ಕ್ಯಾಮೆರಾ ತೂಗುತ್ತಿತ್ತು. ಆಗ ಅವನು ಕ್ಯಾಮೆರಾ ಇರುವ ಅತಿಥಿ. ಈಗ ಕ್ಯಾಮೆರಾದವನು. ಇವತ್ತು ಬಾಗಿಲು ತೆರೆದ ಕ್ಯಾರೆನ್ "ಬನ್ನಿ ಮ್ಯಾಕ್ಸಿಮ್, ನೀವು ಕರೆಕ್ಟ್ ಟೈಮಿಗೆ ಬಂದಿರಿ" ಎಂದಿದ್ದಳು. ಆ 'ನೀವು' ಹೊಸದು. ಮರ್ಯಾದೆ ಕೊಟ್ಟಂತೆಯೂ ಇತ್ತು, ಹೊಸ್ತಿಲ ಆಚೆ ನಿಲ್ಲಿಸಿದಂತೆಯೂ ಇತ್ತು.

ಈ ಕೊಲ್ಲಿ ದೇಶಕ್ಕೆ ಬಂದು ಬಹಳ ವರ್ಷ ಅವನು ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಪೈಪುಗಳ ನಕ್ಷೆ ಬರೆದುಕೊಂಡಿದ್ದ. ರಜೆಯ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಕ್ಯಾಮೆರಾ ಹಿಡಿದು ಒಬ್ಬನೇ ಹೊರಡುತ್ತಿದ್ದ. ಮೀನಾ ಸಲ್ಮಾನ್ ಬಂದರಿನ ಗೋದಾಮುಗಳ ಮುಚ್ಚಿದ ಶಟರುಗಳು, ತುಕ್ಕು ಹಿಡಿದ ಸರಪಳಿ, ಹೂರಾದ ಯಾವುದೋ ತಾರಸಿಯ ಮೇಲೆ ಬಿಸಿಲಿಗೆ ಬಿಟ್ಟ ಕುರ್ಚಿ. ಮನುಷ್ಯರು ಇರುತ್ತಿರಲಿಲ್ಲ. ಚೌಕಟ್ಟಿನೊಳಗೆ ಯಾರಾದರೂ ಬಂದರೆ ಅವರು ದಾಟಿ ಹೋಗುವ ತನಕ ಕಾಯುತ್ತಿದ್ದ. ನಿಜವಾದ ಸುಖ ಆ ಕಾಯುವುದರಲ್ಲೇ ಇತ್ತೇನೋ.

ಊರಿನವರ ಸಂಘದ ಹಾಲಿನಲ್ಲಿ ಆ ಚಿತ್ರಗಳನ್ನು ತೂಗುಹಾಕಿದಾಗ ಎಲ್ಲರೂ ಹೊಗಳಿದರು. "ನೀನು ಆ ಆಫೀಸಿನಲ್ಲಿ ಎಂತ ಮಾಡ್ತಾ ಇದ್ದೀ ಮಾರಾಯ? ಸ್ಟುಡಿಯೊ ಹಾಕು" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಸಿಡ್ನಿ. ಮ್ಯಾಕ್ಸಿಮ್ ನಂಬಿದ. ಈಸ್ಟರ್ ಕಳೆದದ್ದೇ ರಾಜೀನಾಮೆ ಕೊಟ್ಟ, ಲೈಸೆನ್ಸ್ ಮಾಡಿಸಿದ, ಹೂರಾದಲ್ಲಿ ಲಾಂಡ್ರಿಯೊಂದರ ಮೇಲಿನ ಕೋಣೆ ಹಿಡಿದ. ಅಲ್ಲಿಗೆ ಬರುವವರಿಗೆ ಬೇಕಾದದ್ದು ಪಾಸ್‌ಪೋರ್ಟಿನ ಫೋಟೊ, ವೀಸಾದ ಫೋಟೊ, ಗುರುತಿನ ಕಾರ್ಡಿನ ಫೋಟೊ. ಕಿವಿ ಕಾಣಬೇಕು, ನೆರಳು ಬೀಳಬಾರದು, ನಗಬಾರದು. ಅದರಲ್ಲಿ ಅವನು ಪಳಗಿದ್ದ.

ನಗಿ ಎಂದು ಹೇಳಬೇಕಾದ ಮೊದಲ ಕೆಲಸ ಇವತ್ತಿನದು.

ಬೆಳಿಗ್ಗೆ ಅವನ ಹೆಂಡತಿ ವಾಯೊಲೆಟ್ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚದೆ ಊಟದ ಮೇಜಿಗೆ ಒರಗಿ ಕೂತಿದ್ದಳು.

"ಇವತ್ತು ಸಿಡ್ನಿಯ ಮನೆಗೆ," ಅಂದ.

"ಊಟಕ್ಕಾ?"

"ಕೆಲಸಕ್ಕೆ. ಅವನ ಅಪ್ಪನಿಗೆ ಎಂಬತ್ತಾಯ್ತು."

"ಹಾಗಾದರೆ ನನಗೆ ಬರಲಿಕ್ಕಿಲ್ಲ."

ಅವಳಿಗೆ ಬೇಸರವಾಯಿತೋ ಸಮಾಧಾನವಾಯಿತೋ ತಿಳಿಯಲಿಲ್ಲ. ಕೇಳಬಹುದಿತ್ತು. ಅವನು ಬ್ಯಾಟರಿ ಚಾರ್ಜ್ ಆಗಿದೆಯೇ ಎಂದು ನೋಡಿದ.

ಈಗ ಕ್ಯಾರೆನ್ ಮಾವನನ್ನು ಒಳಗಿನಿಂದ ಕರೆದುಕೊಂಡು ಬಂದಳು. ಶಿರ್ವದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಹ್ಯೂಬರ್ಟರು ಮದುವೆಮನೆಗೆ ಹೊರಟವರಂತೆ ಕೋಟು ತೊಟ್ಟಿದ್ದರು. ಮರೆವಿನ ಕಾಯಿಲೆ. ವೀಸಾ ಮುಗಿಯುತ್ತ ಬಂದಿತ್ತು. ಊರಿಗೆ ಮರಳಿದ ಮೇಲೆ ಸಿಸ್ಟರುಗಳು ನಡೆಸುವ ಒಂದು ಆಶ್ರಮದಲ್ಲಿ ಅವರಿಗೆ ಹಾಸಿಗೆ ಗೊತ್ತಾಗಿತ್ತು. "ಅದಕ್ಕೇ ಒಂದು ಒಳ್ಳೆ ಫ್ಯಾಮಿಲಿ ಫೋಟೊ ಬೇಕು. ಇನ್ನು ಮುಂದೆ..." ಎಂದು ಸಿಡ್ನಿ ಫೋನಿನಲ್ಲಿ ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದ.

ಮುದುಕರನ್ನು ನಡುವೆ ಕೂರಿಸಿದರು. ಅವರು ಸುತ್ತ ಇದ್ದವರನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವಂತೆ ನೋಡಿದರು.

"ಇವರೆಲ್ಲ ಯಾರು?"

"ಪಪ್ಪಾ, ಇದು ಶಾಲೆಟ್. ನಿಮ್ಮ ಮೊಮ್ಮಗಳು," ಎಂದಳು ಕ್ಯಾರೆನ್.

"ಒಳ್ಳೇದಾಗ್ಲಿ," ಎಂದು ಹ್ಯೂಬರ್ಟರು ವಿನಯದಿಂದ ಎದ್ದು ನಿಂತರು. "ನಾನು ಹೊರಡ್ತೇನೆ. ಕತ್ತಲಾದ ಮೇಲೆ ಬಸ್ಸಿಲ್ಲ."

ಮತ್ತೆ ಕೂರಿಸಿದರು. ಮತ್ತೆ ಎದ್ದರು. ಸಿಡ್ನಿ ಅವರ ಹೆಗಲ ಮೇಲೆ ಕೈಯಿಟ್ಟ. ಅವರು ಜೇಬುಗಳ್ಳನಿಂದ ಸರಿಯುವಂತೆ ಪಕ್ಕಕ್ಕೆ ಸರಿದರು. ಶಾಲೆಟ್ ಫೋನಿನಿಂದ ತಲೆಯೆತ್ತಿ, "ಡ್ಯಾಡ್, ದಿಸ್ ಈಸ್ ಸೋ ಆಕ್ವರ್ಡ್" ಎಂದಳು.

"ಸ್ವಲ್ಪ ನಗಿ," ಎಂದ ಮ್ಯಾಕ್ಸಿಮ್. ಗಲ್ಲ ಕೆಳಗೆ ಮಾಡಿ ಎಂದು ದಿನವೂ ಹೇಳುವ ದನಿಯಲ್ಲೇ ಹೇಳಿದ್ದು ಅವನಿಗೇ ಕೇಳಿಸಿತು. ಯಾರೂ ನಗಲಿಲ್ಲ.

ಮುದುಕರ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಸರಿಮಾಡಲು ಮ್ಯಾಕ್ಸಿಮ್ ಬಾಗಿದ. ಹ್ಯೂಬರ್ಟರು ಥಟ್ಟನೆ ಅವನ ಕೈ ಹಿಡಿದರು.

"ಕೀತ್," ಎಂದರು. "ಎಷ್ಟು ತಡ ಮಾಡಿದ್ದೀ ಪುತಾ."

ಕ್ಯಾರೆನ್ ಸಿಡ್ನಿಯ ಮುಖ ನೋಡಿದಳು.

ಕೀತ್ ಸಿಡ್ನಿಯ ತಮ್ಮ. ಇಲ್ಲೇ ಹತ್ತಿರದ ಸಲ್ಮಾಬಾದಿನ ವರ್ಕ್‌ಶಾಪೊಂದರಲ್ಲಿ ಕೆಲಸ. ತಾಯಿ ತೀರಿಕೊಂಡಾಗ ಅವನು ಮಣ್ಣಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಅವನು, ಮನಸ್ಸಿರಲಿಲ್ಲ ಎಂದು ಸಿಡ್ನಿ. ಅಂದಿನಿಂದ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

"ಪಪ್ಪಾ, ಅದು ಫೋಟೊಗ್ರಾಫರ್," ಎಂದ ಸಿಡ್ನಿ.

ಹ್ಯೂಬರ್ಟರು ಕೇಳಿಸಿಕೊಳ್ಳಲಿಲ್ಲ. ಅವರ ಮುಖ ಸಡಿಲಾಗಿ, ದೀಪ ಹಚ್ಚಿದಂತೆ ಬೆಳಗಿತ್ತು. ಈಗ ಅವರು ಎಲ್ಲಿಗೂ ಹೊರಡುವಂತೆ ಕಾಣಲಿಲ್ಲ. ಮ್ಯಾಕ್ಸಿಮ್ ಮೆಲ್ಲನೆ ಕೈ ಬಿಡಿಸಿಕೊಂಡು ಕ್ಯಾಮೆರಾದತ್ತ ಒಂದು ಹೆಜ್ಜೆ ಇಟ್ಟ. ಮುದುಕರೂ ಎದ್ದು ಅವನ ಹಿಂದೆ ಹೊರಟರು.

ದಾರಿ ಹುಡುಕಿದವಳು ಕ್ಯಾರೆನ್. "ಒಂದು ಕೆಲಸ ಮಾಡುವ. ಮ್ಯಾಕ್ಸಿಮ್ ಕೂಡ ಪಕ್ಕದಲ್ಲಿ ನಿಲ್ಲಲಿ. ಆಮೇಲೆ ತೆಗೆದುಬಿಡಬಹುದಲ್ಲ, ಕಂಪ್ಯೂಟರಿನಲ್ಲಿ?"

"ಆಗ್ತದಾ?" ಸಿಡ್ನಿ ಕೇಳಿದ.

"ಆಗ್ತದೆ," ಎಂದ ಮ್ಯಾಕ್ಸಿಮ್. ಗೊತ್ತಿಲ್ಲ ಎಂದರೆ ಕಸುಬು ಗೊತ್ತಿಲ್ಲ ಎಂದಂತೆ ಆಗುತ್ತಿತ್ತು.

ಟ್ರೈಪಾಡ್ ನಿಲ್ಲಿಸುವಾಗ ಸಿಡ್ನಿ ಹತ್ತಿರ ಬಂದ. ಮ್ಯಾಕ್ಸಿಮ್ ತಗ್ಗಿದ ದನಿಯಲ್ಲಿ ಹೇಳಿದ: "ಕೀತ್‌ಗೆ ಒಂದು ಫೋನ್ ಮಾಡಬಹುದಿತ್ತು. ಶುಕ್ರವಾರ ಅಲ್ವಾ, ಸಲ್ಮಾಬಾದಿನಿಂದ ಬರಲಿಕ್ಕೆ ಎಷ್ಟು ಹೊತ್ತು?"

ಸಿಡ್ನಿ ಮೇಜಿನ ಕಡೆ ನೋಡಿದ. "ಕೇಕ್ ಕರಗ್ತದೆ," ಎಂದ.

ಮ್ಯಾಕ್ಸಿಮ್ ಕ್ಯಾಮೆರಾದ ರಿಮೋಟನ್ನು ಬಲಗೈಯಲ್ಲಿ ಅಡಗಿಸಿಕೊಂಡು ಎಡಬದಿಯಲ್ಲಿ, ಕಿಟಕಿಯ ಪರದೆಗೆ ತಾಗಿ ನಿಂತ. ಆಮೇಲೆ ಅಳಿಸಲು ಸುಲಭವಾಗಲಿ ಎಂದು ಆದಷ್ಟು ಅಂಚಿಗೆ ಸರಿದಿದ್ದ. ಹ್ಯೂಬರ್ಟರು ಅವನ ಎಡಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡರು. ಒಣಗಿದ, ಬೆಚ್ಚಗಿನ ಕೈಗಳು; ಎಣಿಸಿದ್ದಕ್ಕಿಂತ ಬಲವಿತ್ತು. ತನ್ನ ಕೈಯನ್ನು ಹೀಗೆ ಯಾರಾದರೂ ಹಿಡಿದು ಎಷ್ಟು ಕಾಲವಾಯಿತು ಎಂದು ಯೋಚಿಸಿದ. ನೆನಪಾಗಲಿಲ್ಲ.

"ಊಟ ಮಾಡ್ತೀಯಾ ಸರಿಯಾಗಿ? ತೆಳ್ಳಗಾಗಿದ್ದೀ."

"ಮಾಡ್ತೇನೆ ಪಪ್ಪಾ."

ಹೇಳಬೇಕಾದ ಅಗತ್ಯವೇ ಇರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು. ಕ್ಯಾರೆನ್ ತಿರುಗಿ ಅವನನ್ನು ನೋಡಿದಳು. ಫೋಟೊಗ್ರಾಫರ್ ಕೊಂಚ ಅತಿ ಮಾಡಿದ ಎನ್ನುವಂತೆ.

"ಅಮ್ಮ ದಿನಾ ಕೇಳ್ತಾಳೆ," ಮುದುಕರು ಗುಟ್ಟು ಹೇಳುವಂತೆ ಬಾಗಿಲಿನ ಕಡೆ ನೋಡಿ ಅಂದರು. "ಕೀತ್ ಬರಲಿಲ್ಲ, ಕೀತ್ ಬರಲಿಲ್ಲ ಅಂತ. ನಾನು ಹೇಳಿದೆ, ಬರ್ತಾನೆ, ದೂರ ಅಲ್ವಾ."

ಸಿಡ್ನಿ ಕ್ಯಾಮೆರಾವನ್ನೇ ನೋಡುತ್ತಿದ್ದ.

"ನಗಿ," ಎಂದ ಮ್ಯಾಕ್ಸಿಮ್. ಈ ಸಲ ಎಲ್ಲರೂ ನಕ್ಕರು.

ಅವನು ಗುಂಡಿ ಒತ್ತುತ್ತ ಹೋದ. ಬೇಕಾದ್ದಕ್ಕಿಂತ ಹೆಚ್ಚು ಒತ್ತಿದ. ಕೊನೆಗೆ ಕ್ಯಾರೆನ್ ಬಂದು ಮಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಹೋಗ್ತೀಯಾ?"

"ಈಗ ಬರ್ತೇನೆ."

"ಹೋಗಿ ಬಾ. ಜಾಗ್ರತೆ."

ಅತಿಥಿಗಳು ಬರತೊಡಗಿದ್ದರು. ಹಲವರು ಮ್ಯಾಕ್ಸಿಮನಿಗೆ ಪರಿಚಯದವರು. ಬಾಗಿಲಲ್ಲಿ ಅವನ ಭುಜ ತಟ್ಟಿ, ಬಿಸಿನೆಸ್ ಹೇಗುಂಟು ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ನಡೆದರು. ಕ್ಯಾರೆನ್ ತಟ್ಟೆಯೊಂದನ್ನು ಅವನ ಕೈಗಿತ್ತಳು. "ನೀವು ಕಿಚನ್‌ನಲ್ಲಿ ಆರಾಮ ಊಟ ಮಾಡಿ ಆಯ್ತಾ? ಇಲ್ಲಿ ಪಪ್ಪಾ ನಿಮ್ಮನ್ನು ನೋಡಿದರೆ ಮತ್ತೆ ಶುರು ಮಾಡ್ತಾರೆ."

ಕಾರಣ ಸರಿಯಾಗಿಯೇ ಇತ್ತು. ಅವನು ಫ್ರಿಜ್ಜಿನ ಪಕ್ಕ ನಿಂತು ಇಡ್ಲಿಯಂಥ ಸಾನ್ನ ಮುರಿದು ಹಂದಿ ಸಾರಿಗೆ ಅದ್ದಿ ತಿಂದ. ಹಾಲಿನಿಂದ ಹುಟ್ಟುಹಬ್ಬದ ಹಾಡು ಕೇಳಿಸಿತು, ಚಪ್ಪಾಳೆ ಕೇಳಿಸಿತು. ಚಪ್ಪಾಳೆ ನಿಂತ ಮೇಲೆ ಮುದುಕರ ದನಿ: "ಕೀತ್ ಎಲ್ಲಿ? ಈಗ ಇಲ್ಲೇ ಇದ್ದ." ಯಾರೋ ಮೆತ್ತಗೆ ನಕ್ಕರು. ಯಾರೋ ಹಾಡಿನ ಸದ್ದು ಹೆಚ್ಚಿಸಿದರು.

ಮ್ಯಾಕ್ಸಿಮ್ ತಟ್ಟೆಯನ್ನು ಸಿಂಕಿನಲ್ಲಿಟ್ಟು ಅಡುಗೆಮನೆಯ ಬಾಗಿಲಿನಿಂದಲೇ ಹೊರಬಿದ್ದ.

ಕೆಳಗೆ ಕಾರು ಕಾದ ಹಂಚಿನಂತಾಗಿತ್ತು. ಏಸಿ ತಂಪಾಗಲೆಂದು ಕೂತಿದ್ದವನು ಫೋನು ತೆಗೆದು ಕೀತ್‌ನ ನಂಬರು ಹುಡುಕಿದ. ಸಂಘದ ಪ್ರದರ್ಶನಕ್ಕೆ ಬಂದವನು ಕೊಟ್ಟು ಹೋಗಿದ್ದ ನಂಬರು. ಅವತ್ತು ಕೀತ್ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಇದರಲ್ಲಿ ಯಾರೂ ಇಲ್ಲವಲ್ಲ?" ಎಂದು ಕೇಳಿದ್ದ. "ಇದ್ದರು. ಹೋಗುವ ತನಕ ಕಾದೆ," ಎಂದಿದ್ದ ಮ್ಯಾಕ್ಸಿಮ್, ಹೆಮ್ಮೆಯಿಂದ.

"ಹಲೋ, ಯಾರು?" ಹಿಂದೆ ಏನನ್ನೋ ಉಜ್ಜುವ ಯಂತ್ರದ ಸದ್ದಿತ್ತು. ಶುಕ್ರವಾರವೂ ರಜೆಯಿಲ್ಲ.

"ಮ್ಯಾಕ್ಸಿಮ್. ಫೋಟೊ ತೆಗೀತೇನಲ್ಲ, ನಾನು."

"ಓ, ಹೇಳಿ ಹೇಳಿ."

ಹೇಳಬೇಕಾದದ್ದು ಒಂದೇ ವಾಕ್ಯ. ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಸಿಡ್ನಿಯ ಮುಖ ಬಂತು, ಹಾಲಿನಲ್ಲಿ ನೆರೆದವರ ಮುಖಗಳು ಬಂದವು. ಅಲ್ಲಿದ್ದವರ ಮಕ್ಕಳ ಮೊದಲ ಕಮ್ಯುನಿಯನ್, ಮದುವೆ, ವರ್ಷದ ಹಬ್ಬಗಳು. ಅವನ ಕಸುಬು ನಿಂತಿದ್ದು ಅವರ ಮೇಲೆ.

"ಏನಿಲ್ಲ," ಎಂದ. "ಹೂರಾದಲ್ಲಿ ಸ್ಟುಡಿಯೊ ಹಾಕಿದ್ದೇನೆ. ನಿಮಗೆ ಏನಾದ್ರೂ ಫೋಟೊ ಬೇಕಿದ್ರೆ..."

"ನನಗೆಂತ ಫೋಟೊ?" ಕೀತ್ ನಕ್ಕ. "ಕಾರ್ಡ್ ರಿನ್ಯೂ ಬಂದಾಗ ಬರ್ತೇನೆ." ಆಮೇಲೆ ಕೇಳಿದ: "ಊರಿನ ಸುದ್ದಿ ಏನಾದ್ರೂ ಉಂಟಾ? ಪಪ್ಪಾ ಹುಷಾರಿಲ್ಲ ಅಂತ ಯಾರೋ ಹೇಳಿದ್ರು. ಊರಿಗೆ ಫೋನ್ ಮಾಡಿದರೆ ಯಾರೂ ತೆಗೆಯುದಿಲ್ಲ."

ಹನ್ನೊಂದನೇ ಮಹಡಿಯ ಕಿಟಕಿಗಳಲ್ಲಿ ಬಿಸಿಲು ಹೊಳೆಯುತ್ತಿತ್ತು. ಯಾವುದು ಸಿಡ್ನಿಯದೆಂದು ಗೊತ್ತಾಗುತ್ತಿರಲಿಲ್ಲ.

"ಇಲ್ಲ. ನನಗೂ ಗೊತ್ತಿಲ್ಲ," ಎಂದ ಮ್ಯಾಕ್ಸಿಮ್.

ಸ್ಟುಡಿಯೊಕ್ಕೆ ಬಂದು ಕಂಪ್ಯೂಟರ್ ಹಾಕಿದಾಗ ಕೆಳಗಿನ ಲಾಂಡ್ರಿಯಿಂದ ಇಸ್ತ್ರಿಯ ಬಿಸಿ ವಾಸನೆ ಏರುತ್ತಿತ್ತು. ಮಸೀದಿಯಲ್ಲಿ ಸಂಜೆಯ ಮಗ್ರಿಬ್‌ನ ಬಾಂಗ್ ಆಯಿತು. ಕ್ಯಾರೆನ್‌ಳ ಮೆಸೇಜು ಬಂತು: ಎಲ್ಲರೂ ಕೇಳ್ತಾ ಇದ್ದಾರೆ, ಇವತ್ತೇ ಕಳಿಸ್ತೀರಾ?

ಚಿತ್ರಗಳು ಚೆನ್ನಾಗಿದ್ದವು. ಮನುಷ್ಯರಿದ್ದೂ ಚೆನ್ನಾಗಿದ್ದ ಚಿತ್ರಗಳನ್ನು ಅವನು ತೆಗೆದದ್ದು ಇದೇ ಮೊದಲು. ಎಡಬದಿಯಲ್ಲಿ ನಿಂತವನು ಕೂಡ ಚೆನ್ನಾಗಿ ಬಂದಿದ್ದ. ಕೊಂಚ ಬಾಗಿ, ಮುದುಕರ ಮಾತಿಗೆ ಕಿವಿಗೊಟ್ಟು ನಗುತ್ತಿದ್ದ. ನೋಡಿದವರು ಮಗನೆಂದೇ ಹೇಳುತ್ತಿದ್ದರು. ಒಂದನ್ನು ಆರಿಸಿಕೊಂಡ.

ಶೂಗಳಿಂದ ಶುರುಮಾಡಿದ. ಅವು ಹೋದಲ್ಲಿ ನೆಲದ ಕಲ್ಲು ತಾನಾಗಿ ಮೂಡಿತು. ಕಾಲುಗಳು ಹೋದವು, ಅಂಗಿ ಹೋಯಿತು, ಪರದೆಯ ನಿರಿಗೆಗಳು ಒಂದಕ್ಕೊಂದು ಕೂಡಿಕೊಂಡವು. ಇಷ್ಟು ಸಲೀಸಾಗಿ ಆಗುತ್ತದೆಂದು ಅವನು ಎಣಿಸಿರಲಿಲ್ಲ. ಮುಖಕ್ಕೆ ಬಂದಾಗ ಕೈ ತಡೆಯಲಿಲ್ಲ. ಮುಖವೂ ಹೋಯಿತು. ತೋಳು ಹೋಯಿತು, ಮೊಣಕೈ ಹೋಯಿತು, ಮಣಿಕಟ್ಟಿನ ತನಕ ಬಂದು ನಿಂತ.

ಚಿತ್ರವನ್ನು ಹಿಗ್ಗಿಸಿ ನೋಡಿದ. ಮುದುಕರ ಎರಡು ಕೈಗಳ ನಡುವೆ ತನ್ನ ಕೈ ಎಲ್ಲಿ ಮುಗಿಯುತ್ತದೆ, ಅವರದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ಒಂದು ಬೆರಳು ಅಳಿಸಿದ. ಹ್ಯೂಬರ್ಟರ ಗೆಣ್ಣೂ ಜೊತೆಗೆ ಹೋಯಿತು. ವಾಪಸು ತಂದ. ಇನ್ನೊಂದು ಕಡೆಯಿಂದ ಅಳಿಸಿದ; ಮುದುಕರ ಅಂಗೈಯಲ್ಲಿ ಪರದೆಯ ಬಟ್ಟೆ ಬೆಳೆಯಿತು. ವಾಪಸು ತಂದ.

"ಆಯ್ತಾ?" ಫೋನು ಮತ್ತೆ ಬೆಳಗಿತು. ಈ ಸಲ ಸಿಡ್ನಿ.

ಮ್ಯಾಕ್ಸಿಮ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ತೆರೆಯ ಮೇಲೆ ಮೂವರು ಕ್ಯಾಮೆರಾ ನೋಡಿ ನಗುತ್ತಿದ್ದರು. ನಡುವೆ ಕೂತ ಮುದುಕರೊಬ್ಬರು ಮಾತ್ರ ಅತ್ತ ತಿರುಗಿ, ಖಾಲಿ ಪರದೆಯತ್ತ ಮುಖವೆತ್ತಿ, ಬಹಳ ದಿನದ ಮೇಲೆ ಯಾರನ್ನೋ ಕಂಡವರಂತೆ ಬೆಳಗುತ್ತಿದ್ದರು. ಅವರ ಮಡಿಲಲ್ಲಿ, ಎರಡು ಕೈಗಳ ಬಿಗಿ ಹಿಡಿತದೊಳಗೆ, ಮಣಿಕಟ್ಟಿನಿಂದಾಚೆ ಯಾರಿಗೂ ಸೇರದ ಒಂದು ಕೈ ಇತ್ತು.