ನೀಲಿ ಚಪ್ಪಲಿಯ ಸರದಿ

ಶಾಲೆ ಮೈದಾನದ ಕ್ಯೂನಲ್ಲಿ ಮತ್ತೊಂದು ಸುಣ್ಣದ ರೌಂಡು ಮುಂದಕ್ಕೆ ಹೋಯಿತು ಚಪ್ಪಲಿ, ಹಿಂದೆ ನಿಂತಿದ್ದ ಹಸಿರು ಸೀರೆಯ ಹೆಂಗಸು ನೆರಿಗೆ ಎತ್ತಿ ಹಿಡಿದು ಹೆಬ್ಬೆರಳಿನಿಂದ ತಳ್ಳಿದಳು, ಎಡಗಾಲಿನದು ನೆಟ್ಟಗೆ ಜಾರಿತು, ಬಲಗಾಲಿನದು ಓರೆಯಾಗಿ ನಿಂತಿತು, ಮೋಡ ಸರಿದು ಬಿಸಿಲು ಬಿದ್ದದ್ದೇ ತಡ ಬಾರಿನ ಬುಡದಲ್ಲಿ ಏನೋ ಮಿಣಕ್ ಅಂದಿತು — ಪಿನ್ನು, ಅಲ್ಲಿ ಯಾಕೆ ಪಿನ್ನು, ಪಾರ್ವತಮ್ಮನ ಚಪ್ಪಲಿಗೆ ಪಿನ್ನು ಇಲ್ಲವಲ್ಲ, ಕೆಂಪರಾಜು ಕುರ್ಚಿಯಿಂದ ಅರ್ಧ ಎದ್ದ, ಹಾಗೇ ನಿಂತ, ಮತ್ತೆ ಕೂತ. ಅಮ್ಮನದು. ಬೆಳಿಗ್ಗೆ ಆರು ಗಂಟೆಗೆ ಮೆಟ್ಟಿಲ ಕೆಳಗೆ ಕೈ ಹಾಕಿ, ನೀಲಿ ಬಣ್ಣ ಕಂಡಿತಲ್ಲ ಸಾಕು ಅಂತ ಕೈಚೀಲಕ್ಕೆ ತುರುಕಿಕೊಂಡು ಬಂದದ್ದು ಹೆಂಡತಿಯ ಚಪ್ಪಲಿಯನ್ನಲ್ಲ, ಸತ್ತು ಎರಡು ತಿಂಗಳು ದಾಟಿದ ಅಮ್ಮನದನ್ನು, ಅತ್ತೆ ಸೊಸೆ ಇಬ್ಬರೂ ಬನಶಂಕರಿ ಮಾರ್ಕೆಟ್ಟಿನಲ್ಲಿ ಒಂದೇ ದಿನ ಒಂದೇ ಗಾಡಿಯಲ್ಲಿ ಕೊಂಡ ಒಂದೇ ಅಳತೆಯ ಹವಾಯಿ ಚಪ್ಪಲಿ, ಅಮ್ಮ ಸತ್ತ ಮೇಲೆ ಎಸೆದುಬಿಡೋಣ ರೀ ಅಂದಿದ್ದಳು ಪಾರ್ವತಮ್ಮ, ಮುಟ್ಟಿದ್ರೆ ನೋಡು ಅಂತ ಕಿರುಚಿದ್ದು ಯಾರು, ತಾನೇ, ಈಗ ಅನುಭವಿಸು. ಎದ್ದು ಹೋಗಿ ಎತ್ತಿಕೊಂಡು ಬಂದುಬಿಡಲೇ, ಎತ್ತಿದರೆ ಜಾಗ ಹೋಯಿತು, ತೊಂಬತ್ತೊಂದನೇ ಜಾಗ, ಮೊದಲ ಡೋಸಿಗೆ ಇವತ್ತು ಇರುವುದೇ ನೂರು ಅಂತ ಮೈಕಿನಲ್ಲಿ ಈಗ ತಾನೇ ಹೇಳಿದಳು ಕ್ಯೂ ನೋಡಿಕೊಳ್ಳಲು ಹಾಕಿದ್ದ ಟೀಚರಮ್ಮ. ಪುಟ್ಟೇನಹಳ್ಳಿಯವರಿಗೆ ಈ ಪದ್ಧತಿ ಹೊಸದೇನಲ್ಲ, ಸೀಮೆಎಣ್ಣೆಗೆ ಡಬ್ಬ ಇಡುತ್ತಿದ್ದರು, ರೇಷನ್ನಿಗೆ ಚೀಲ, ಈಗ ಲಸಿಕೆಗೆ ಚಪ್ಪಲಿ, ಇಟ್ಟು ನೆರಳಲ್ಲಿ ಕೂರಬಹುದು, ಹಿಂದಿನವರು ತಮ್ಮದರ ಜೊತೆ ಅದನ್ನೂ ತಳ್ಳಿಕೊಡುತ್ತಾರೆ, ಆದರೆ ಯಾರು ಚುಚ್ಚಿಸಿಕೊಳ್ಳಬೇಕೋ ಅವರದೇ ಚಪ್ಪಲಿ ಇಡಬೇಕು, ಗಂಡ ತನ್ನ ಎಕ್ಕಡ ಇಟ್ಟು ಕೊನೆಗೆ ಮನೆ ಮಂದಿಯನ್ನೆಲ್ಲ ತಂದು ನುಗ್ಗಿಸಿ ಹೋದವಾರ ಇಲ್ಲಿ ಹೊಡೆದಾಟವೇ ಆಗಿತ್ತು, ಅದಕ್ಕೇ ಈ ಕಟ್ಟುಪಾಡು, ಅವತ್ತು ಶಾಮಿಯಾನ ಕಟ್ಟಲು ಬಂದು ಜೋರಾಗಿ ಕೂಗಾಡಿ ಅದನ್ನು ಮಾಡಿಸಿದವನೂ ಇದೇ ಕೆಂಪರಾಜು.

ಏನ್ ಕೆಂಪ, ಯಾಕಪ್ಪ ಮೈಮೇಲೆ ಇರುವೆ ಬಿಟ್ಟಂಗೆ ಆಡ್ತಿದೀಯ, ಪಕ್ಕದ ಕುರ್ಚಿಯ ಪಿಳ್ಳಣ್ಣ, ಹಿಂದಿನ ಬೀದಿಯವನು, ಎರಡನೇ ಡೋಸಿಗೆ ಬಂದವನು, ಮಾಸ್ಕನ್ನು ಗಡ್ಡಕ್ಕೆ ಇಳಿಸಿ ಎಲೆ ಅಡಿಕೆ ಜಗಿಯುತ್ತಿದ್ದಾನೆ, ಏನಿಲ್ಲ ಬಿಡಣ್ಣ ಅಂದ ಕೆಂಪರಾಜು, ಏನೂ ಇಲ್ಲವೇ, ಎಲ್ಲಾ ಇದೆ, ಕಣ್ಣು ಮೇಲಕ್ಕೆ ಎತ್ತಿದರೆ ತನ್ನದೇ ಶಾಮಿಯಾನ, ಕೂತಿದ್ದು ತನ್ನದೇ ಕೆಂಪು ಕುರ್ಚಿ, ಬೆನ್ನಿಗೆ ಬಿಳೀ ಬಣ್ಣದಲ್ಲಿ ಕೆ.ಆರ್. ಅಂತ ಬರೆದದ್ದು, ಹದಿನೆಂಟು ವರ್ಷದಿಂದ ಊರಿನವರ ಮದುವೆ ನಾಮಕರಣ ತಿಥಿಗೆಲ್ಲ ಬಿದಿರು ನೆಟ್ಟು ಬಟ್ಟೆ ಎಳೆದವನು, ಯಾರ ಮನೆಯಲ್ಲಿ ಸಾವಾದರೂ ಬೆಳಗಾಗುವಷ್ಟರಲ್ಲಿ ಬಾಗಿಲ ಮುಂದೆ ನೆರಳು ಮಾಡಿ ಕೊಟ್ಟವನು, ತನ್ನ ಅಮ್ಮನಿಗೆ ಒಂದು ಗಜ ಬಟ್ಟೆ ಕಟ್ಟಲಿಲ್ಲ, ಐದು ಜನಕ್ಕಿಂತ ಹೆಚ್ಚು ಸೇರಂಗಿಲ್ಲ ಅಂದರು, ಮನೆಗೆ ತರಂಗಿಲ್ಲ ಅಂದರು, ಆ ಬಟ್ಟೆಯೆಲ್ಲ ಗೋಡೌನಿನಲ್ಲಿ ಇಲಿ ಕಡಿಯುತ್ತಾ ಬಿದ್ದಿತ್ತು — ಈಗ ನೋಡು ತಲೆ ಮೇಲೆ ತೂತು, ಆ ತೂತಿನಿಂದಲೇ ಬಿಸಿಲು ಬಿದ್ದು ಪಿನ್ನು ಮಿಣುಕಿತೇನೋ. ಅದು ಅಮ್ಮನ ರವಿಕೆಯ ಪಿನ್ನು. ಯುಗಾದಿಗೆ ನಾಲ್ಕು ದಿನ ಇತ್ತು, ಲೋ ಕೆಂಪ, ನಂಗ್ಯಾಕೋ ಸೂಜಿ, ಹೋಗೋ ಕಾಲ್ದಲ್ಲಿ, ನೀವ್ ಚಿಕ್ಕೋರ್ ಹಾಕುಸ್ಕಳಿ ಅಂದಳು ಲಕ್ಕವ್ವ, ಬಾಯ್ ಮುಚ್ಕೊಂಡು ನಡಿಯಮ್ಮ, ದೊಡ್ಡೋರಿಗೆ ಮೊದ್ಲು ಅಂತ ಹೇಳವ್ರೆ, ನಿನ್ನಿಂದ್ಲೇ ತಡ ಅಂತ ರಟ್ಟೆ ಹಿಡಿದು ಎಳೆದ, ಎಳೆದ ರಭಸಕ್ಕೆ ಬಾರು ಕಿತ್ತು ಬಂತು, ಅವಳು ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು ರವಿಕೆಯಿಂದ ಪಿನ್ನು ತೆಗೆದು ಬಾರಿಗೆ ಚುಚ್ಚಿದಳು, ಹೂಂ ನಡಿ ಅಂದಳು, ಅಷ್ಟೇ. ಇದೇ ಮೈದಾನ, ಮೂರು ಗಂಟೆ ಕಾಯಿಸಿದರು, ಅಕ್ಕಪಕ್ಕ ಕೆಮ್ಮುವವರು, ಒಂಬತ್ತನೇ ದಿನಕ್ಕೆ ಜ್ವರ, ಹದಿನೈದನೇ ದಿನಕ್ಕೆ ಇಲ್ಲ. ಸೂಜಿಯಿಂದ ಹೋದಳೋ, ಕ್ಯೂನಿಂದ ಹೋದಳೋ, ಜ್ವರಕ್ಕೆ ಎರಡು ದಿನ ಮುಂಚೆ ಉತ್ತರಹಳ್ಳಿಯಿಂದ ಬಂದು ಎದುರಿಗೆ ಕೂತು ಕಾಫಿ ಕುಡಿದು ಹೋದ ನೆಂಟರ ಯಲ್ಲವ್ವನಿಂದ ಹೋದಳೋ — ಡಾಕ್ಟರು ಹೇಳಿದ್ದು ಸರಿಯಾಗೇ ಹೇಳಿದರು, ಸೂಜಿ ಹಾಕಿದ ತಕ್ಷಣ ಕೆಲಸ ಮಾಡಲ್ಲ, ವಾರಗಟ್ಟಲೆ ಬೇಕು, ಅಷ್ಟರಲ್ಲಿ ರೋಗ ಸಿಕ್ಕಿಬಿಟ್ಟಿದೆ, ಲಸಿಕೆದೇನೂ ತಪ್ಪಿಲ್ಲ ಅಂತ, ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ, ಲಸಿಕೆಯದು ತಪ್ಪಿಲ್ಲ ಅಂದರೆ ತಪ್ಪು ಯಾರದು, ರಟ್ಟೆ ಹಿಡಿದು ಎಳೆದವನದೋ, ಅದನ್ನು ಡಾಕ್ಟರು ಹೇಳಲಿಲ್ಲ, ಕೇಳುವ ಧೈರ್ಯ ಇವನಿಗೂ ಬರಲಿಲ್ಲ, ಅದಕ್ಕೇ ಊರೆಲ್ಲ ಸೂಜಿಯೇ ಕೊಂದಿದ್ದು ಅಂತ ಹೇಳಿಕೊಂಡು ಬಂದ, ನಮ್ಮ ಮನೇಲಿ ಇನ್ನು ಯಾರೂ ಚುಚ್ಚಿಸಿಕೊಳ್ಳಂಗಿಲ್ಲ ಅಂದ, ಈಗ ಪಿಳ್ಳಣ್ಣನೂ ಅದನ್ನೇ ಕೆದಕುತ್ತಿದ್ದಾನೆ, ಅಲ್ಲ ಕಣಪ್ಪ, ಸೂಜಿಯಿಂದ್ಲೇ ಆಗಿದ್ದು ಅಂತ ಟೀ ಅಂಗ್ಡಿ ಮುಂದೆ ಭಾಷ್ಣ ಮಾಡ್ತಿದ್ದೆ, ಈಗ ಹೆಂಡ್ತಿಗೆ ಜಾಗ ಹಿಡ್ದಿದೀಯ, ನಂಗ್ ನೋಡು, ಮೊದಲ್ನೇದು ಹಾಕುಸ್ಕಂಡ ಮೇಲೆ ಮಂಡಿನೋವೇ ಮಾಯ, ಎರಡನೇದ್ ಹಾಕುಸ್ಕಂಡ್ರೆ ಕೂದ್ಲೂ ಬರ್ತದೇನೋ — ಥೂ, ನಗುವ ಹೊತ್ತೇ ಇದು.

ಪಾರ್ವತಮ್ಮನಿಗೆ ಉಬ್ಬಸ. ನಿನ್ನೆ ಸಂಜೆ ಮುದ್ದೆ ತಿರುವುತ್ತಾ, ಮುಖ ಕೂಡ ಎತ್ತದೆ, ನೀವ್ ಹೇಳಿದ್ ಕೇಳ್ಕೊಂಡು ಎರಡ್ ತಿಂಗ್ಳು ಕೂತಿದೀನಿ, ಚುಚ್ಚುಸ್ಕೊಂಡ್ರೆ ಭಯ ನಿಮ್ಗೆ, ಚುಚ್ಚುಸ್ಕೊಳ್ದೆ ಇದ್ರೆ ಭಯ ನಂಗೆ, ಉಸ್ರು ನಂದು ತಾನೇ, ನಾಳೆ ನನ್ ಚಪ್ಲಿ ತಗೊಂಡೋಗಿ ಇಡಿ, ಆಗಲ್ಲ ಅಂದ್ರೆ ನಾನೇ ಹೋಗಿ ನಿಂತ್ಕೋತೀನಿ ಅಂದಳು, ಮೂವತ್ತು ವರ್ಷದಲ್ಲಿ ಹಾಗೆ ಮಾತಾಡಿದವಳಲ್ಲ, ತಾನು ಬೇಡ ಅಂದು ಅವಳಿಗೆ ಏನಾದರೂ ಆದರೆ, ಹೂಂ ಅಂದು ಏನಾದರೂ ಆದರೆ, ಎರಡು ಕಡೆಯೂ ತಾನೇ ಸಿಕ್ಕಿಹಾಕಿಕೊಳ್ಳುತ್ತಾನಲ್ಲ, ಆಯ್ತು ಅಂದ, ಯಾಕೆ ಅಂದನೋ ಗೊತ್ತಿಲ್ಲ. ಆಮೇಲೆ ಮೊಬೈಲು ಟಣ್ ಅಂತು, ಲಕ್ಕವ್ವ, ನಿಮ್ಮ ಎರಡನೇ ಡೋಸಿನ ಸಮಯವಾಗಿದೆ, ಹತ್ತಿರದ ಕೇಂದ್ರಕ್ಕೆ ಬನ್ನಿ, ಎಂಬತ್ತನಾಲ್ಕು ದಿನವಂತೆ, ಮೊಬೈಲಿಗೆ ದಿನದ ಲೆಕ್ಕ ಗೊತ್ತು, ಸಾವು ಗೊತ್ತಿಲ್ಲ, ಅಳಿಸಲು ಬೆರಳು ಹೋಯಿತು, ಬೆರಳು ಹಿಂದಕ್ಕೆ ಬಂತು, ಇನ್ನೂ ಇದೆ ಜೇಬಿನಲ್ಲಿ, ಇದೇ ಈಗ, ಜೇಬಿನೊಳಗೆ ಅಮ್ಮನನ್ನು ಕರೆಯುತ್ತಾ ಇದೆ, ಅತ್ತ ಅವಳ ಚಪ್ಪಲಿ ತಾನಾಗೇ ಮುಂದಕ್ಕೆ ಹೋಗುತ್ತಿದೆ, ಇನ್ನು ನಾಲ್ಕು ರೌಂಡು, ಮೂರು — ಇದೇನು ತಾನು ಮಾಡಿದ್ದೋ ಅವಳೇ ಮಾಡಿಸಿದ್ದೋ. ಟೀಚರಮ್ಮ ತೇಜಸ್ವಿನಿ ಮತ್ತೆ ಮೈಕು ಹಿಡಿದಳು, ಬೆಳಿಗ್ಗೆಯಿಂದ ಇದೇ ಆಟ, ಏಳು ಗಂಟೆಗೆ ಬಂದಿರುವುದು ಕೋವಿಶೀಲ್ಡು ಅಂದರು, ಎಂಟಕ್ಕೆ ಎರಡನೇ ಡೋಸಿನವರಿಗೆ ಮಾತ್ರ ಅಂದರು, ಎಂಟೂವರೆಗೆ ಇಲ್ಲ, ಇಬ್ಬರಿಗೂ ಅಂದರು, ಒಂಬತ್ತಕ್ಕೆ ಮಾಜಿ ಕಾರ್ಪೊರೇಟರ ಕಡೆಯವರು ಹದಿನೈದು ಚೀಟಿ ಹಿಡಿದುಕೊಂಡು ಬಂದರು, ಆಗ ಕೆಂಪರಾಜು ಎದ್ದು ನಿಂತು ಏನ್ ಮೇಡಂ, ನಾವೇನ್ ಇಲ್ಲಿ ಕಳ್ಳೆಪುರಿ ತಿನ್ನಕ್ ಬಂದಿದೀವಾ ಅಂತ ಕೂಗಿದ್ದ, ಸಾರ್, ನನ್ ಮೇಲೆ ಕೂಗಿದ್ರೆ ಲಸಿಕೆ ಮರಿ ಹಾಕಲ್ಲ, ಐಸ್ ಡಬ್ಬದಲ್ಲಿ ಬಂದಿರೋದೇ ನೂರೈವತ್ತು, ನಾನು ಅ ಆ ಇ ಈ ಹೇಳ್ಕೊಡೋಳು, ಇವ್ರನ್ನ ತಡೆಯೋಕೆ ನಂಗೆ ಯಾರೂ ಟ್ರೈನಿಂಗ್ ಕೊಟ್ಟಿಲ್ಲ ಅಂದಿದ್ದಳು, ಆ ಮಾತಿಗೆ ಕ್ಯೂ ಪೂರ್ತಿ ನಕ್ಕಿತ್ತು, ಚೀಟಿಯವರು ಕೂಡ ನಕ್ಕು ಕೊನೆಗೆ ಹಿಂದೆ ಹೋಗಿ ನಿಂತಿದ್ದರು, ಈಗ ಅದೇ ದನಿ, ಫಸ್ಟ್ ಡೋಸ್ ಇನ್ನು ಹನ್ನೆರಡೇ ಇರೋದು, ಚಪ್ಪಲಿ ಇಟ್ಟೋರೆಲ್ಲ ಬಂದು ನಿಂತ್ಕೊಳ್ಳಿ, ಚಪ್ಪಲಿ ಇದ್ದು ಕಾಲಿಲ್ಲ ಅಂದ್ರೆ ತೆಗ್ದು ಪಕ್ಕಕ್ಕೆ ಇಡ್ತೀನಿ.

ಚಪ್ಪಲಿ ಇದ್ದು ಕಾಲಿಲ್ಲ — ಕಾಲು ಯಾವ ಕಡೆ, ಅಂತಲೇ ಕೇಳಿದ್ದ ಅವತ್ತು, ಚಿತಾಗಾರದಲ್ಲಿ, ಬಿಳೀ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ತುದಿಯನ್ನೂ ಒಂದೇ ತರ ಕಟ್ಟಿದ್ದರು, ಗಂಟೂ ಒಂದೇ, ಗಾತ್ರವೂ ಒಂದೇ ಅನ್ನಿಸಿತು, ಅಣ್ಣ, ಕಾಲು ಯಾವ ಕಡೆ, ಕಾಲಿಗೆ ಬೀಳ್ಬೇಕು, ಮೈತುಂಬ ಉಡುಪು ಹಾಕಿದ್ದವನಿಗೆ ಕೇಳಿಸಲಿಲ್ಲ, ಬೇಗ ಬೇಗ, ಹಿಂದೆ ಇನ್ನೂ ಏಳಿದೆ ಅಂದ, ಇವನು ಹತ್ತಿರ ಸಿಕ್ಕ ತುದಿಗೆ ಅಡ್ಡಬಿದ್ದ, ನೆಲ ಬಿಸಿ ಇತ್ತು, ಎದ್ದಾಗ ಅದು ಒಳಗೆ ಹೋಗಿತ್ತು, ಅಮ್ಮನ ಕಾಲಿಗೆ ಬಿದ್ದನೋ ತಲೆಗೆ ಬಿದ್ದನೋ, ಯಾರನ್ನು ಕೇಳುವುದು, ಆಂಬುಲೆನ್ಸ್ ಹತ್ತುವಾಗಲೂ ಬರಿಗಾಲು, ಚಪ್ಪಲಿ ಮೆಟ್ಟಿಲ ಕೆಳಗೇ ಉಳಿಯಿತು — ರೀ, ಇಲ್ಲಿದೀರಾ, ಪಾರ್ವತಮ್ಮ ಬಂದುಬಿಟ್ಟಿದ್ದಾಳೆ, ಹಬ್ಬದ ಸೀರೆ, ಮದುವೆಗೆ ಹಾಕುವ ಎತ್ತರ ಹಿಮ್ಮಡಿಯ ಚಪ್ಪಲಿ, ನಡೆದು ಬಂದದ್ದಕ್ಕೇ ಉಸಿರು ಸುಂಯ್ ಸುಂಯ್ ಅನ್ನುತ್ತಿದೆ, ಎಲ್ಲಿ ಇಟ್ಟಿದೀರಾ, ಇವನು ಕೈ ತೋರಿಸಿದ, ಅವಳು ಹೋಗಿ ರೌಂಡಿನ ಪಕ್ಕ ನಿಂತಳು, ಹಸಿರು ಸೀರೆಯವಳು ಮೇಲಿಂದ ಕೆಳಗೆ ನೋಡಿ, ಅಕ್ಕ, ಇದು ನಿಮ್ದಾ, ಹೈಹೀಲ್ಡ್ ಹಾಕೊಂಡು ಬಂದಿದೀರಾ, ನಾನ್ ಬೆಳಿಗ್ಗೆಯಿಂದ ತಳ್ಳಿ ತಳ್ಳಿ ಬೆರಳು ನೋಯ್ತಿದೆ, ನಿಮ್ದೇ ಆದ್ರೆ ಹಾಕ್ಕೊಂಡು ತೋರ್ಸಿ, ರೂಲ್ಸ್ ಅಂದ್ರೆ ರೂಲ್ಸು, ಕೇಳಿ ನಿಮ್ಮ ಯಜಮಾನ್ರನ್ನೇ, ಅವ್ರೇ ಮಾಡಿದ್ದು. ಪಾರ್ವತಮ್ಮ ಬಗ್ಗಿ ನೋಡಿದಳು. ಪಿನ್ನು ನೋಡಿದಳು. ತಲೆ ಎತ್ತಿ ಇವನನ್ನು ನೋಡಿದಳು. ಈಗ ಹೇಳಿಬಿಡಬಹುದು, ಇದು ಅವಳದ್ದಲ್ಲ, ನಮ್ಮಮ್ಮಂದು ಅಂತ ಒಂದು ಮಾತು, ಜಾಗ ಹೋಗುತ್ತದೆ, ಸೂಜಿ ತಪ್ಪುತ್ತದೆ, ಮನೆಗೆ ಹೋಗಬಹುದು, ತಪ್ಪಿಸಿದ್ದು ತಾನಲ್ಲ ಕಟ್ಟುಪಾಡು ಅಂತ ಅಂದುಕೊಳ್ಳಬಹುದು, ಬಾಯಿ ತೆರೆದ, ಇಡೀ ಪುಟ್ಟೇನಹಳ್ಳಿಗೆ ಕೇಳಿಸುವಂತೆ ಕೂಗುವ ಬಾಯಿ, ಸುಂಯ್ ಅಂತು ಅವಳ ಉಸಿರು, ಇವನು ಬಾಯಿ ಮುಚ್ಚಿದ. ನಂದೇ ಕಣಮ್ಮ, ಅಂದಳು ಪಾರ್ವತಮ್ಮ, ಹಿಮ್ಮಡಿಯ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು, ಮೊದಲು ಎಡಗಾಲು, ಆಮೇಲೆ ಬಲಗಾಲು, ಓರೆಯಾಗಿದ್ದದ್ದನ್ನು ನೆಟ್ಟಗೆ ಮಾಡಿಕೊಂಡು ಹೆಬ್ಬೆರಳು ತೂರಿಸಿದಳು, ಅತ್ತೆಯ ಹೆಬ್ಬೆರಳು ಒತ್ತಿ ಒತ್ತಿ ಮಾಡಿದ ಗುಳಿಯಲ್ಲಿ ಸೊಸೆಯ ಹೆಬ್ಬೆರಳು ಕೂತಿತು, ಸರಿಯಾಗಿ. ಟೋಕನ್ ಕೊಟ್ಟ ತೇಜಸ್ವಿನಿ ಹೋಗಿ ಅಮ್ಮ, ಒಂದನೇ ಕ್ಲಾಸು ರೂಮು, ಚಪ್ಪಲಿ ಹೊರಗೆ ಬಿಡಿ ಅಂದಳು, ಟಪ್ ಟಪ್ ಅಂತ ಹೋಯಿತು ನೀಲಿ ಚಪ್ಪಲಿ, ಅದೇ ಸದ್ದು, ಬೆಳಿಗ್ಗೆ ನಲ್ಲಿ ಹತ್ತಿರ, ಮಧ್ಯಾಹ್ನ ಹಿತ್ತಲಲ್ಲಿ ಕೇಳುತ್ತಿದ್ದ ಅದೇ ಸದ್ದು, ಮೆಟ್ಟಿಲ ಹತ್ತಿರ ನಿಂತಿತು, ಅವಳು ಒಳಗೆ ಹೋದಳು, ಏನಾಗುತ್ತದೋ, ಅರ್ಧ ಗಂಟೆ ಕೂರಿಸಿಕೊಂಡು ಕಳಿಸುತ್ತಾರಂತೆ, ಅರ್ಧ ಗಂಟೆಯಲ್ಲಿ ಏನು ಗೊತ್ತಾಗುತ್ತದೆ, ಒಂಬತ್ತನೇ ದಿನ ಗೊತ್ತಾಗಬೇಕು, ಹದಿನೈದನೇ ದಿನ, ಕೆಂಪ ನಿನ್ ಮೊಬೈಲ್ ಹೊಡ್ಕೋತಿದೆ ನೋಡು ಅಂದ ಪಿಳ್ಳಣ್ಣ, ಹೊಡೆದುಕೊಳ್ಳಲಿ, ಇವನು ಎದ್ದು ಬಾಗಿಲವರೆಗೆ ಹೋದ, ಅಲ್ಲಿ ಹತ್ತಾರು ಜೋಡಿ, ಕಪ್ಪು, ಕಂದು, ಹರಿದದ್ದು, ಹೊಸದು, ನಡುವೆ ನೀಲಿ, ಬಲಗಾಲಿನ ಬಾರಿಗೆ ಪಿನ್ನು, ಎರಡೂ ಜೊತೆಯಾಗಿ, ತುದಿ ಒಳಮುಖ, ಹಿಮ್ಮಡಿ ಇವನ ಕಡೆ. ಕಾಲು ಈ ಕಡೆ. ಇಲ್ಲಿ. ಅಡ್ಡಬಿದ್ದ, ನೆಲ ತಣ್ಣಗಿದೆ, ನೀಲಿ ಚಪ್ಪಲಿ, ಹಿಮ್ಮಡಿಯ ಗುಳಿ, ಪಿನ್ನು, ಕಾಲು ಈ ಕಡೆ