ರಜಾಯಿಯ ಮೂಲೆ

ಅಬುಧಾಬಿಯ ಜುಲೈ ಸೆಕೆಗೆ ಯಾರಾದರೂ ಹತ್ತಿಯ ರಜಾಯಿ ಹೊತ್ತು ತರುತ್ತಾರೆಯೇ? ಯೂಲಾನಳ ಅಮ್ಮ ಚೀನಾದಿಂದ ತಂದಿದ್ದರು. ಅದೂ ಒಂದಲ್ಲ, ಎರಡು. ಕೆಂಪು ರೇಷ್ಮೆಯ ಹೊದಿಕೆ, ಅಷ್ಟೂ ಕೈಹೊಲಿಗೆ. ಎತ್ತಿಡಲು ಹೋದ ವಸಂತಿಯ ಸೊಂಟ ಹಿಡಿದುಕೊಂಡಿತು.

ವಸಂತಿ ಕಾರ್ಕಳದವಳು, ವಯಸ್ಸು ನಲವತ್ತೇಳು. ಎಲೆಕ್ಟ್ರಾ ಸ್ಟ್ರೀಟಿನ ಟೈಲರ್ ಅಂಗಡಿಯಲ್ಲಿ ಅವಳದೂ ಯೂಲಾನಳದೂ ಅಕ್ಕಪಕ್ಕದ ಮಿಷಿನ್. ಗಂಡ ತಿಲಕ್ ಕೆಲಸಕ್ಕಿರುವುದು ದೂರದ ರುವೈಸಿನಲ್ಲಿ, ವಾರಕ್ಕೊಮ್ಮೆ ಮುಖ ತೋರಿಸುವ ಪುಣ್ಯಾತ್ಮ. ಹಾಗಾಗಿ ಖಾಲಿದಿಯಾದ ಮನೆಯ ಒಂದು ಕೋಣೆ ಯೂಲಾನಳಿಗೆ. ಆರು ವರ್ಷದಲ್ಲಿ ಆ ಹುಡುಗಿ, ಗಂಜಿಗೆ ಉಪ್ಪಿನಕಾಯಿ ಸಾಲದೆಂದು ಕನ್ನಡದಲ್ಲೇ ಜಗಳವಾಡುವಷ್ಟು ಮನೆಯವಳಾಗಿದ್ದಳು.

ಬಂದ ಅತಿಥಿಯನ್ನು ಬರಿಗೈಲಿ ಕೂರಿಸುವುದುಂಟೆ? ವಸಂತಿ ಆ ಅಮ್ಮನಿಗೆ ಕುಂಕುಮ, ಮಲ್ಲಿಗೆ, ಕೆಂಪು ರವಿಕೆ ಕಣ ಎಲ್ಲ ಕೊಟ್ಟಳು. ಅಮ್ಮನ ಮುಖ ಅರಳಿತು. ಕಣವನ್ನು ರಜಾಯಿಯ ಮೇಲಿಟ್ಟು, ವಸಂತಿಯ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ವಸಂತಿ ಎಲ್ಲದಕ್ಕೂ ತಲೆಯಾಡಿಸಿದಳು.

ಯೂಲಾನ್ ಅಡುಗೆಮನೆಗೆ ಬಂದಳು. "ಅಕ್ಕ, ಅದು ಮದುವೆಗೆ ಹೊಲಿದ ರಜಾಯಿ. ಅಮ್ಮ ಊರಲ್ಲಿ ಹುಡುಗ ನೋಡಿ ಆಗಿದೆ. ಶುಕ್ರವಾರ ಸಂಜೆಗೆ ಅವರಿಗೂ ನನಗೂ ಎರಡು ಟಿಕೆಟ್. ನಮ್ಮಲ್ಲಿ ಕೆಂಪು ಅಂದರೆ ಮದುವೆಯ ಬಣ್ಣ. ನೀವು ಕೆಂಪು ಬಟ್ಟೆ ಕೊಟ್ಟದ್ದು ನೋಡಿ, ನಿಮಗೂ ಒಪ್ಪಿಗೆ ಅಂದುಕೊಂಡಿದ್ದಾರೆ."

"ಅಯ್ಯೋ ದೇವ್ರೇ. ನಾನು ಮರ್ಯಾದೆಗೆ ಕೊಟ್ಟದ್ದು ಮಾರಾಯ್ತಿ. ಮತ್ತೆ ಅಂಗಡಿ?"

ಅಂಗಡಿಯ ಯಜಮಾನ ಪಾಯ್ಸ್ ಊರು ಸೇರಲು ಹೊರಟಿದ್ದರು. ಅಂಗಡಿ ಯೂಲಾನಳಿಗೇ ಎಂದು ಮಾತು ಕೊಟ್ಟಿದ್ದರು. ಭಾನುವಾರ ಅವಳು ಸಹಿ ಹಾಕದಿದ್ದರೆ ಅದು ಬೇರೆಯವರ ಪಾಲು.

"ಮೂವತ್ತನಾಲ್ಕಾದ ನನ್ನನ್ನು ಊರಲ್ಲಿ ಉಳಿದುಹೋದವಳು ಅಂತಾರೆ. ಅದನ್ನೆಲ್ಲ ಕೇಳಿಸಿಕೊಳ್ಳುವವರು ಅಮ್ಮ. ಅವರ ಎದುರು ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ."

ಮಾಡಿದ್ದುಣ್ಣೋ ಮಹಾರಾಯ ಎಂದು ವಸಂತಿ ತನ್ನನ್ನೇ ಬೈದುಕೊಂಡು, ಮರುದಿನ ಅಮ್ಮನನ್ನು ಅಂಗಡಿಗೆ ಕರೆದೊಯ್ದಳು.

ಅಲ್ಲಿ ಹಲೀಮ ಎಂಬ ಗಿರಾಕಿ ಮಗಳ ಮದುವೆಯ ರೇಷ್ಮೆ ತಂದಿದ್ದಳು. "ಇದಕ್ಕೆ ಯೂಲಾನೇ ಕತ್ತರಿ ಹಾಕ್ಬೇಕು. ಬೇರೆಯವರು ಮಾಫಿ, ಬೇಡವೇ ಬೇಡ," ಎಂದಳು. ಯೂಲಾನಳ ಅಮ್ಮ, ಮಗಳು ಹೊಲಿದ ಒಂದು ಅಂಗಿಯನ್ನು ಎತ್ತಿಕೊಂಡು ಮಗುಚಿ, ಒಳಹೊಲಿಗೆಯ ಮೇಲೆ ಬೆರಳಾಡಿಸಿದರು. ಕಸುಬು ಬಲ್ಲವರು ನೋಡುವುದೇ ಹಾಗೆ.

"ಯೂಲಾನ್, ನಾನು ಹೇಳಿದ್ದನ್ನು ಹಾಗೇ ಹೇಳು, ಒಂದಕ್ಷರ ನುಂಗಬೇಡ," ಎಂದು ವಸಂತಿ ಅಮ್ಮನ ಕಡೆ ತಿರುಗಿದಳು. "ಅಕ್ಕ, ಆ ಬಟ್ಟೆ ನಿಮಗೆ ಕೊಟ್ಟದ್ದು, ಮದುವೆಗಲ್ಲ. ನನಗೆ ಮದುವೆ ಆಗಿದೆ, ಗಂಡ ಪಾಪದವನೇ. ಆದ್ರೆ ಇಪ್ಪತ್ತೆರಡು ವರ್ಷ ಮಿಷಿನ್ ತುಳಿದೂ ನನ್ನದು ಅಂತ ಒಂದು ಅಂಗಡಿ ಬಾಗಿಲಿಲ್ಲ. ಇವಳಿಗೆ ಸಿಗ್ತಾ ಉಂಟು. ಗಂಡ ಬರುವುದಾದ್ರೆ ಆಮೇಲೆ ಬರ್ಲಿ, ಬಾರದಿದ್ರೆ ಬೇಡ."

ಯೂಲಾನ್ ತಲೆ ತಗ್ಗಿಸಿಕೊಂಡು ಒಂದೊಂದೇ ಮಾತು ಹೇಳಿದಳು. ಕೊನೆಗೆ ತಲೆ ಎತ್ತಿ, ವಸಂತಿ ಹೇಳದ ಒಂದು ಮಾತನ್ನೂ ಸೇರಿಸಿದಳು. "ನಾನು ಬರುವುದಿಲ್ಲ ಅಮ್ಮ ಅಂದೆ," ಎಂದು ಮತ್ತೆ ವಸಂತಿಗೆ ತಿಳಿಸಿದಳು.

ಅಮ್ಮ ಅಂಗಿಯನ್ನು ಕೆಳಗಿಟ್ಟು ಹೊರನಡೆದರು. ಗುರುವಾರವಿಡೀ ತಮ್ಮ ಪಾಡಿಗೆ ಪೆಟ್ಟಿಗೆ ತುಂಬಿದರು. ಖಲಾಸ್, ಎಲ್ಲ ಕೆಡಿಸಿದೆ ಎಂದು ವಸಂತಿ ನೊಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಚಾ ಹಿಡಿದು ಹೋದರೆ, ಅಮ್ಮ ನೆಲದ ಮೇಲೆ ಕುಳಿತು ರಜಾಯಿಗಳ ಮೂಲೆ ಬಿಚ್ಚುತ್ತಿದ್ದರು. ಒಂದೊಂದು ಮೂಲೆಯಿಂದಲೂ ಒಣ ಖರ್ಜೂರ, ನೆಲಗಡಲೆ ಹೊರಬಂದವು.

"ಬೇಗ ಮಕ್ಕಳಾಗಲಿ ಅಂತ ಮದುವೆ ರಜಾಯಿಗೆ ಹಾಕುವುದು," ಎಂದಳು ಬಾಗಿಲಲ್ಲಿ ನಿಂತಿದ್ದ ಯೂಲಾನ್. "ಈಗ ಇದು ಬರೀ ರಜಾಯಿಯಂತೆ. ಅಂಗಡಿಯ ಎಸಿ ಬಹಳ ತಂಪು, ಕಾಲಿಗೆ ಹೊದ್ದುಕೋ ಅಂತಾರೆ. ಒಂದು ಟಿಕೆಟ್ ವಾಪಸ್ ಮಾಡಲಿಕ್ಕೂ ಹೇಳಿದರು."

ಬಿಚ್ಚಿದ ಮೂಲೆಗಳಿಗೆ ಅಮ್ಮ ತೇಪೆ ಹಾಕಿದರು. ತೇಪೆಯ ಬಟ್ಟೆ ವಸಂತಿ ಕೊಟ್ಟ ರವಿಕೆ ಕಣದ್ದೇ. ಹಲ್ಲಿನಿಂದ ದಾರ ಕಡಿದು, ಒಂದು ರಜಾಯಿಯನ್ನು ಯೂಲಾನಳ ಕಡೆ ಸರಿಸಿದರು. ಇನ್ನೊಂದನ್ನು ವಸಂತಿಯ ಮಡಿಲಿಗೆ ಹಾಕಿ ಏನೋ ಹೇಳಿದರು.

"ಎಂತ ಹೇಳಿದ್ದು?"

"ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಅಂತ."

ಆ ಸೆಕೆಯಲ್ಲಿ ವಸಂತಿ ರಜಾಯಿ ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು. ಅಮ್ಮ ನೆಲಗಡಲೆ ಸುಲಿದು ಅವಳ ಕೈಗಿಟ್ಟರು.